ಯಲ್ಲಕ್ಕನ ಮನೆಯ ಟೊಮೆಟೊ ಪಂಚಾಯ್ತಿ

ವಡ್ಡು ಊರಿನ ಯಲ್ಲಕ್ಕನ ಹಿತ್ತಲಲ್ಲಿ ಟೊಮೆಟೊ ಬಂದರೆ ಬುಟ್ಟಿ ಬುಟ್ಟಿ ಬರುತ್ತದೆ. ಮೊದಲೆಲ್ಲ ಹೋಳು ಮಾಡಿ, ಉಪ್ಪು ಹಚ್ಚಿ, ಮಾಳಿಗೆ ಮೇಲೆ ಒಣಗಿಸುತ್ತಿದ್ದಳು. ಅದಿರಿನ ಲಾರಿಗಳ ಓಡಾಟ ಹೆಚ್ಚಿದ ಮೇಲೆ ಅದಕ್ಕೂ ಕಲ್ಲು ಬಿತ್ತು. ಸಂಜೆಯೊಳಗೆ ಹೋಳಿನ ಮೇಲೆ ಕೆಂಪು ಧೂಳು. ತಿಂದರೆ ಹಲ್ಲಿಗೆ ಕರಕರ.

ಅಲ್ಲಿಂದ ಶುರುವಾಯಿತು ನೋಡಿ, ಮನೆಯ ಪಂಚಾಯ್ತಿ. ಅತ್ತೆ ದುರ್ಗಕ್ಕ ಬಾಟಲಿ ಕಡೆ. ಹಣ್ಣು ಬೇಯಿಸಿ, ಸೋಸಿ, ಬಿಸಿ ಇರುವಾಗಲೇ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಮತ್ತೆ ನೀರಲ್ಲಿಟ್ಟು ಕುದಿಸಬೇಕು. ಗಂಡ ಪಾಲಪ್ಪ ಫ್ರೀಜರ್ ಕಡೆ. ಸಂಡೂರಿನಲ್ಲಿ ಮುಚ್ಚಿದ ಐಸ್‌ಕ್ರೀಮ್ ಅಂಗಡಿಯೊಂದರ ಹಳೇ ಫ್ರೀಜರ್ ಹೊರಿಸಿಕೊಂಡು ಬಂದು ನಡುಮನೆಯಲ್ಲೇ ಇಟ್ಟಿದ್ದ.

"ಕರೆಂಟ್ ಹೋದ್ರ ಎಲ್ಲಾ ನೀರಾಗ್ತತಿ ನೋಡಪ," ಎನ್ನುತ್ತಿದ್ದಳು ದುರ್ಗಕ್ಕ.

"ನಿನ್ ಬಾಟ್ಲಿ ಹ್ವಾದ ವರ್ಷ ಗ್ವಾಡಿ ತುಂಬಾ ಸಿಡೀತಲ್ಲ ಯವ್ವ, ಅದು?" ಎನ್ನುತ್ತಿದ್ದ ಮಗ.

ಕೊನೆಗೆ ಇಬ್ಬರೂ ಗೆದ್ದರು. ಅರ್ಧ ಬಾಟಲಿಗೆ, ಅರ್ಧ ಫ್ರೀಜರಿಗೆ. ಮಾಡುವವಳು ಮಾತ್ರ ಯಲ್ಲಕ್ಕ ಒಬ್ಬಳೇ. ಗೋಡೆಗೆ ಸಿಡಿದದ್ದನ್ನು ಉಜ್ಜಿದವಳೂ ಅವಳೇ, ಕರೆಂಟ್ ಹೋಗಿ ಸೋರಿದ ನೀರು ಬಳಿದವಳೂ ಅವಳೇ. ನಿನಗೆ ಯಾವುದು ಸಲೀಸು ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಎಂಥ ಜನವೋ ಏನೋ. ಕೂಲಿ ಮುಗಿಸಿ ಬಂದು ಒಲೆ ಮುಂದೆ ನಿಂತರೆ ಅವಳ ಸೊಂಟ ಬಿದ್ದು ಹೋಗುತ್ತಿತ್ತು. ಒಂದು ಸಂಜೆ ಸುಮ್ಮನೆ ಕೂರಬೇಕು, ಅಷ್ಟೇ ಅವಳ ಆಸೆ. ಅದೂ ಸಿಗುತ್ತಿರಲಿಲ್ಲ.

ಈ ಮಾಗಿಯಲ್ಲಿ ಮತ್ತೆ ಬುಟ್ಟಿಗಳು ತುಂಬಿದವು, ಮತ್ತೆ ಅದೇ ವಾದ ಹತ್ತಿತು. ಯಲ್ಲಕ್ಕ ಎದ್ದಳು. ಅವತ್ತಿನ ಸಾರಿಗೆ ಬೇಕಾದಷ್ಟು ಹಣ್ಣು ತೆಗೆದಿಟ್ಟು, ಉಳಿದದ್ದನ್ನೆಲ್ಲ ಓಣಿಯ ಹೆಂಗಸರಿಗೆ ಹಂಚಿ ಬಂದು, ಖಾಲಿ ಬುಟ್ಟಿ ಬೋರಲು ಹಾಕಿದಳು.

"ಏನ್ ಮಾಡ್ದೀಲೇ?" ಪಾಲಪ್ಪ ಬಾಯಿ ಬಿಟ್ಟುಕೊಂಡು ನಿಂತ.

"ಬಾಟ್ಲೀನೂ ಬ್ಯಾಡ, ಫ್ರೀಜರೂ ಬ್ಯಾಡ. ಇದ್ದಾಗ ತಿನ್ರಿ, ಇಲ್ದಾಗ ಸಂತ್ಯಾಗ ತಗೊಂಬರ್ರಿ. ನನ್ ಕೈಲಿ ಆಗವಲ್ದು. ಇವತ್ತ ನಾ ಕುಂದ್ರತೀನಿ."

ಹೋಗಿ ಕಟ್ಟೆಯ ಮೇಲೆ ಕೂತೇಬಿಟ್ಟಳು. ಅತ್ತೆ ಈಗ ಕೂಗಾಡಿ ಊರು ಒಂದು ಮಾಡುತ್ತಾಳೆ ಎಂದು ಕಾದಳು. ದುರ್ಗಕ್ಕ ಹೊರಗೆ ಬಂದು, ಗೋಡೆ ಹಿಡಿದು ಮೆಲ್ಲಗೆ ಅವಳ ಪಕ್ಕದಲ್ಲೇ ಕೂತಳು. ಮೊಣಕಾಲು ಒತ್ತಿಕೊಂಡಳು.

"ನಿಮ್ಮ ಮಾವ ಇದ್ದಾಗ ನನಗೂ ಭಾಳ ಸಾಕಾಗ್ತಿತ್ತವ್ವ," ಎಂದಳು. "ಹಿಂಗ ಕುಂದ್ರಬೋದು ಅಂತ ಗೊತ್ತಿರಲಿಲ್ಲ."