ಕಂಬದಿಂದ ಇಳಿದ ಕೋನ್

1971ರ ಡಿಸೆಂಬರ್. ಯುದ್ಧ ನಡೆಯುತ್ತಿತ್ತು. ಬಿ.ಎಸ್ಸಿ. ಮುಗಿಸಿದ್ದ ನಾನು ಇನ್ನಂಜೆಯಿಂದ ಬಸ್ಸಿನಲ್ಲಿ ಓಡಾಡುತ್ತ, ಉಡುಪಿ ಸಮೀಪದ ಸಣ್ಣ ಬಂದರೊಂದರಲ್ಲಿ ಸಿಗ್ನಲ್ ಸಹಾಯಕನಾಗಿದ್ದೆ. ಬಿರುಗಾಳಿ ಬರಲಿದೆಯೆಂದು ಹವಾಮಾನ ಕಚೇರಿಯ ತಂತಿ ಬಂದರೆ ಕಂಬಕ್ಕೆ ‘ಕೋನ್’ ಏರಿಸುವುದು ನನ್ನ ಕೆಲಸ. ಕೋನ್ ಎಂದರೆ ಕಪ್ಪು ಕ್ಯಾನ್ವಾಸ್ ಹೊದಿಸಿದ, ದೂರಕ್ಕೆ ಕಾಣುವ ಶಂಕುವಿನಾಕಾರದ ಬುಟ್ಟಿ. ಅದು ಮೇಲಿರುವವರೆಗೆ ಯಾವ ಮಂಜಿಯೂ, ಅಂದರೆ ಸರಕಿನ ಹಾಯಿಹಡಗೂ, ಹೊಳೆ ಕಡಲು ಸೇರುವ ಅಳಿವೆ ದಾಟುತ್ತಿರಲಿಲ್ಲ. ಇಳಿದರೆ ಯಾರನ್ನೂ ಕೇಳದೆ ಲಂಗರು ಎತ್ತುತ್ತಿದ್ದರು.

ಆ ಬೆಳಿಗ್ಗೆ ಕೋನ್ ಏರಿಸಿದ್ದೆ. ಸರಕು ಇಳಿಸುವ ಕಟ್ಟೆಯಾದ ಧಕ್ಕೆಯ ಕೂಲಿಗಳಿಗೂ ಮಂಜಿಯವರಿಗೂ ಧೈರ್ಯ ತುಂಬಲು ಕೇಂದ್ರದ ಮಂತ್ರಿಯೊಬ್ಬರು ಬರುವವರಿದ್ದರು. ಧಕ್ಕೆಯ ಮೇಸ್ತ್ರಿ, ಕಾಪುವಿನ ಹಸನಬ್ಬ ನನ್ನ ಪಕ್ಕ ನಿಂತಿದ್ದ. ಅವನ ತಮ್ಮ ಮೊಯಿದು ನಾಲ್ವರೊಡನೆ, ಅಕ್ಕಿ ತುಂಬಿದ ಮಂಜಿಯಲ್ಲಿ ಅಳಿವೆಯ ಬಳಿ ಕಾಯುತ್ತಿದ್ದ.

“ಧೈರ್ಯ ನಮ್ಮಲ್ಲಿ ಉಂಟು ಮಾರಾಯ್ರೆ,” ಎಂದ ಹಸನಬ್ಬ. “ನಾಲ್ಕು ಹೊಸ ಹಗ್ಗ ತಂದಿದ್ರೆ ಒಳ್ಳೆದಿತ್ತು.”

ಮಂತ್ರಿ ವೇದಿಕೆ ಹತ್ತಿದವರೇ ಕಂಬ ನೋಡಿದರು. “ಎಂತದ್ದು ಆ ಕಪ್ಪು? ಜನರನ್ನು ಹೆದರಿಸ್ಲಿಕ್ಕಾ? ಇಳಿಸಿ, ಅಲ್ಲಿ ಧ್ವಜ ಏರಿಸಿ.”

“ಸರ್, ಅದು ತೂಫಾನಿನ ಸೂಚನೆ. ಇಳಿಸಿದ್ರೆ ಮಂಜಿ ಹೊರಡ್ತದೆ,” ಎಂದೆ.

“ನನ್ನ ಭಾಷಣ ಮುಗಿಯುವವರೆಗೆ ತೂಫಾನು ಕಾಯ್ತದೆ ಬಿಡಿ.”

ಜನ ನಕ್ಕರು. ಪೊಲೀಸರೇ ಕೋನ್ ಇಳಿಸಿ, ಅದೇ ಹಗ್ಗದಲ್ಲಿ ಧ್ವಜ ಏರಿಸಿದರು.

ಭಾಷಣದ ನಡುವೆ ಹಸನಬ್ಬ ಚೀರಿದ: “ಮೊಯಿದು ಹಾಯಿ ಬಿಚ್ಚಿದ! ಕೋನ್ ಮೇಲೆ ಹಾಕಿ ಸಾರ್!”

ಓಡಿಹೋಗಿ ಹಗ್ಗ ಹಿಡಿದೆ. ಪೇದೆಯೊಬ್ಬ ಲಾಠಿಯನ್ನು ಅಡ್ಡ ಹಿಡಿದು ನನ್ನ ಕುತ್ತಿಗೆಯನ್ನು ಕಂಬಕ್ಕೆ ಒತ್ತಿದ. “ಧ್ವಜ ಇಳಿಸ್ತೀಯಾ? ದೇಶದ್ರೋಹಿ!”

ಹಸನಬ್ಬನ ಕೂಗು ಲೌಡ್‌ಸ್ಪೀಕರಿನಲ್ಲಿ ಮುಳುಗಿತು. ಮಂತ್ರಿ ಕಡಲಿನತ್ತ ಕೈ ತೋರಿದರು: “ನೋಡಿ, ಯಾವುದಕ್ಕೂ ಹೆದರದ ನಮ್ಮ ನಾವಿಕರು!” ಧಕ್ಕೆಯೆಲ್ಲ ಚಪ್ಪಾಳೆ ತಟ್ಟಿತು. ಉಸಿರು ಸಿಕ್ಕಿಕೊಂಡ ನನ್ನ ಕಣ್ಣೆದುರೇ ಹಾಯಿ ಅಳಿವೆ ದಾಟಿತು.

ಮಧ್ಯಾಹ್ನ ಗಾಳಿ ಎದ್ದಿತು. ಮರುದಿನ ಕಾಪು ದಡಕ್ಕೆ ಹಲಗೆಗಳು ಬಂದವು, ಎರಡು ಹೆಣ ಬಂದವು. ಮೊಯಿದು ಬರಲಿಲ್ಲ.

ಕೆಲವೇ ದಿನಗಳಲ್ಲಿ ಮಂತ್ರಿ ಮತ್ತೆ ಬಂದರು. ಮಂಜಿಯನ್ನು ಮುಳುಗಿಸಿದ್ದು ಶತ್ರು ಎಂದು ಸಾರಿ, ಹಸನಬ್ಬನಿಗೆ ಹಾರ ಹಾಕಿ ಮೈಕು ಹಿಡಿದರು. “ಶತ್ರುವಿಗೆ ಎಂತ ಹೇಳ್ತೀರಿ?”

“ಶತ್ರುವನ್ನು ನಾನು ನೋಡ್ಲಿಲ್ಲ. ನನ್ನ ತಮ್ಮ ಆ ಕಂಬ ನೋಡಿ ಹೊರಟದ್ದು.”

ಮೈಕು ಆರಿತು, ಬ್ಯಾಂಡು ಮೊಳಗಿತು. ಮರುದಿನದಿಂದ ಹಸನಬ್ಬನಿಗೆ ಧಕ್ಕೆಯಲ್ಲಿ ಕೆಲಸವಿರಲಿಲ್ಲ.

ಎಂಬತ್ತರ ದಶಕದಲ್ಲೂ ನಾನು ಅದೇ ಕಂಬದಡಿ ದುಡಿದೆ. ಹೆದರಬೇಕಾದಾಗ ಹೆದರಿ ಎನ್ನುವುದೇ ಕಡಲಿನವರಿಗೆ ನಾವು ಕೊಡಬಹುದಾದ ಧೈರ್ಯವೆಂದು ಈ ಕೆಲಸ ಕಲಿಸಿತು. ಅದನ್ನು ಕಲಿಯುವಷ್ಟರಲ್ಲಿ ತಡವಾಗಿತ್ತು. ನಾನು ಕೋನ್ ಇಳಿಸಿದಾಗಲೆಲ್ಲ ಮಂಜಿಯವರು ಲಂಗರು ಎತ್ತುತ್ತಿರಲಿಲ್ಲ. ಮೊದಲು ಕಾಪುವಿಗೆ ಆಳು ಕಳಿಸಿ ಹಸನಬ್ಬನನ್ನು ಕೇಳುತ್ತಿದ್ದರು.