ಅಪ್ಪನ ಹಾಡಿಗೆ ನಾನು ಹಾಕಿದ ಹಕಾರ

ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಜೀವಮಾನವೆಲ್ಲ ಕರಡು ತಿದ್ದಿದವಳು ನಾನು. ಈಗ ನಿವೃತ್ತಳಾಗಿ ತ್ಯಾಗರಾಜನಗರದಲ್ಲಿ ಒಬ್ಬಳೇ ಇದ್ದೇನೆ. ತಿದ್ದುವ ಚಟ ಮಾತ್ರ ಹೋಗಿಲ್ಲ. ಮದುವೆ ಕಾಗದ ಬಂದರೆ ಮೊದಲು ಕಾಗುಣಿತ ನೋಡುತ್ತೇನೆ, ಆಮೇಲೆ ಮುಹೂರ್ತ. ಈಚೆಗೆ ಅವೂ ಮೊಬೈಲಿಗೇ ಬರುತ್ತವೆ. ಬಾಗಿಲು ತಟ್ಟಿ ಅರಿಶಿನ ಕುಂಕುಮ ಕೊಟ್ಟು ಕರೆಯುವವರಿಲ್ಲ.

ಹಾಗಾಗಿ ಹೋದ ವರ್ಷ ತುಮಕೂರಿನ ಆಚೆ, ನಮ್ಮೂರ ಕಡೆಯಿಂದ ಮೇಷ್ಟ್ರೊಬ್ಬರು ಮನೆ ಹುಡುಕಿಕೊಂಡು ಬಂದಾಗ ಅವರಿಗೆ ಎರಡು ಸಲ ಕಾಫಿ ಕೊಟ್ಟೆ. ಹಳೆಯ ಶಾಲೆಯ ಕಟ್ಟಡದಲ್ಲಿ ನಮ್ಮ ಸೀಮೆಯ ಕವಿಗಳ, ಬಯಲಾಟದವರ ನೆನಪಿಗೆ ಒಂದು ಮ್ಯೂಸಿಯಂ ಮಾಡುತ್ತಿದ್ದರು. ನನ್ನ ಅಪ್ಪ ಮೂಡಲಪಾಯ ಬಯಲಾಟದ ಭಾಗವತ. ಆಟಕ್ಕೆ ಪದ ಕಟ್ಟಿ, ತಾಳ ಹಿಡಿದು ತಾನೇ ಹಾಡುತ್ತಿದ್ದವನು. ಅವನು ತೀರಿಕೊಂಡ ಮೇಲೆ ಹಾಡಿನ ಪುಸ್ತಕ ನನ್ನ ಹತ್ತಿರವೇ ಉಳಿದಿತ್ತು.

"ಅವ್ರ ಕೈಬರಹ ಓದೋರು ನೀವೊಬ್ರೇ ಮೇಡಂ. ಶುದ್ಧ ಪ್ರತಿ ಮಾಡ್ಕೊಡಿ. ಒಂದೆರಡು ಸಾಲು ಕಲ್ಲಲ್ಲಿ ಕೆತ್ತಿಸ್ತೀವಿ" ಎಂದರು ಮೇಷ್ಟ್ರು.

ನಮ್ಮೂರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಅಪ್ಪ ಆಡಿದ ಹಾಗೇ ಬರೆದಿದ್ದ. ಅವನು ಬೆಂಗಳೂರಿಗೆ ಬಂದಾಗಲೆಲ್ಲ ನಾನು ತಿದ್ದುತ್ತಿದ್ದೆ, ಆಫೀಸಿನವರು ಮನೆಗೆ ಬಂದಿದ್ದರೆ ಅವರೆದುರಿಗೂ. "ಆಲು ಅಲ್ಲಪ್ಪ, ಹಾಲು." ಅವನು ನಗುತ್ತಿದ್ದ. ಬರಬರುತ್ತ ನನ್ನ ಮನೆಯಲ್ಲಿ ಮಾತು ಕಡಿಮೆ ಮಾಡಿದ. ಆಮೇಲೆ ಬರುವುದನ್ನೇ ಕಡಿಮೆ ಮಾಡಿದ.

ಪುಸ್ತಕ ಬಿಡಿಸಿ ಕೂತಾಗ ನನಗಿದ್ದದ್ದು ಒಂದೇ ಆಸೆ. ಇಷ್ಟು ಹಾಡುಗಳಲ್ಲಿ ಎಲ್ಲಾದರೂ ನಾನಿದ್ದೇನೆಯೇ? ರಾಜರಿದ್ದರು, ರಕ್ಕಸರಿದ್ದರು, ಊರ ಗೌಡನಿದ್ದ. ನಮ್ಮ ಮನೆಯ ಸತ್ತ ಎತ್ತು ಕೂಡ ಇತ್ತು. ಮಗಳು ಮಾತ್ರ ಇರಲಿಲ್ಲ. ಎತ್ತಿನ ಮೇಲೆ ಹೊಟ್ಟೆಕಿಚ್ಚುಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆ ಸಿಟ್ಟಿನಲ್ಲೇ ಅಪ್ಪ ನುಂಗಿದ ಹಕಾರಗಳನ್ನೆಲ್ಲ ಒಂದೂ ಬಿಡದೆ ತುಂಬಿ ಕಳಿಸಿದೆ.

ಉದ್ಘಾಟನೆಯ ಗದ್ದಲ ಮುಗಿದ ಮೇಲೆ ಒಂದು ಮಂಗಳವಾರ ಬಸ್ಸು ಹತ್ತಿ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ತಾಳ, ಕನ್ನಡಕ. ಪಕ್ಕದ ಗೋಡೆಗೆ ಕಪ್ಪು ಕಲ್ಲು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು: "ದೂರದಿಂದ ಬಂತು ಹಕ್ಕಿ, ನನ್ನ ಹಟ್ಟಿ ತುಂಬಿತು." ಅಪ್ಪ ಬರೆದದ್ದು ಅಕ್ಕಿ, ಅಟ್ಟಿ. ಎರಡಕ್ಕೂ ಹಕಾರ ಕೊಟ್ಟವಳು ನಾನು. ಸಾಲು ಚೆನ್ನಾಗಿ ಕೂತಿದೆ ಎಂದು ಒಳಗೊಳಗೇ ಬೀಗಿದೆ.

ಅಪ್ಪನ ಮೇಳದಲ್ಲಿ ಮುಖವೀಣೆ ಊದುತ್ತಿದ್ದ ಮುದುಕರೊಬ್ಬರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಕೇಳಿ ಅಲ್ಲವೆಂದು ತಲೆಯಾಡಿಸಿದರು.

"ಅದು ಆರೋ ಅಕ್ಕಿ ಅಲ್ಲ ಕಣವ್ವ, ಉಣ್ಣೋ ಅಕ್ಕಿ. ನೀನು ಕೆಲ್ಸಕ್ಕೆ ಸೇರಿದ್ ವರ್ಸ ಅಬ್ಬಕ್ಕೆ ಅಂತ ಬಸ್ನಾಗೆ ಒಂದ್ ಮೂಟೆ ಅಕ್ಕಿ ಕಳ್ಸಿದ್ಯಲ್ಲ? ರಾಗಿ ಉಣ್ಣೋ ಊರು, ಅಷ್ಟು ಅಕ್ಕಿ ಯಾರ್ ಕಂಡಿದ್ರು. ನಿಮ್ಮಪ್ಪ ಕೇರಿಗೆಲ್ಲ ಅನ್ನ ಇಕ್ಸಿ, ನನ್ ಮಗ್ಳು ಕಳ್ಸವ್ಳೆ ಅಂತ ಈ ಪದ ಕಟ್ದ."

ಆ ಮೂಟೆಯನ್ನು ನಾನು ಮರೆತೇಬಿಟ್ಟಿದ್ದೆ. ಅಷ್ಟು ದಪ್ಪ ಪುಸ್ತಕದಲ್ಲಿ ನಾನಿದ್ದದ್ದು ಆ ಒಂದು ಸಾಲಿನಲ್ಲಿ, ಅದರಿಂದ ನನ್ನನ್ನು ತೆಗೆದುಹಾಕಿದವಳೂ ನಾನೇ. ಅಳು ಬಂತು, ತಡೆಯಲಿಲ್ಲ.

ಮೇಷ್ಟ್ರು ಕಲ್ಲನ್ನೂ ನನ್ನನ್ನೂ ನೋಡಿದರು. "ಶುದ್ಧ ಪ್ರತೀಲಿ ಹೀಗೇ ಇತ್ತಲ್ಲ ಮೇಡಂ. ಅವ್ರು ಬರೆಯುವಾಗ್ಲೇ ತಪ್ಪಾಗಿತ್ತಾ?"

"ಇಲ್ಲ" ಎಂದೆ. "ನಮ್ಮಪ್ಪ ಸರಿಯಾಗೇ ಬರ್ದಿದ್ದ."