ಹಂದಿ ಫಾರ್ಮಿನ ತೊಟ್ಟಿ ಕಾಯುವ ಹುಸೇನಪ್ಪ

ಹುಸೇನಪ್ಪನ ಮೈಯಿಂದ ಬರುತ್ತಿದ್ದ ನಾತ ಅಂತಿಂಥದ್ದಲ್ಲ. ಹಂದಿಯ ಉಚ್ಚೆ ಮೂರು ದಿನ ನಿಂತು ಕೊಳೆತರೆ ಕಣ್ಣು ಉರಿಯುತ್ತದಲ್ಲ, ಆ ನಾತ. ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಪೋತ್ನಾಳದ ಹೋಟೆಲಿನಲ್ಲಿ ಅವನು ಕೂತ ಬೆಂಚಿನಲ್ಲಿ ಇನ್ನೊಬ್ಬ ಕೂತದ್ದಿಲ್ಲ. ತನ್ನ ಕೈಯಿಂದ ತಾನೇ ರೊಟ್ಟಿ ಮುರಿಯುವಾಗಲೂ ಅವನಿಗೆ ಹೇಸಿಗೆಯಾಗುತ್ತಿತ್ತು.

ಮಸರಕಲ್ಲಿನಿಂದ ಕೂಲಿಗೆ ಬಂದು ಪೋತ್ನಾಳದ ಆಚೆಯ ಓಣಿಯಲ್ಲಿ ನೆಲೆ ನಿಂತವನು ಅವನು. ಎಂಬತ್ಮೂರರಲ್ಲಿ ಅಲ್ಲೊಂದು ಹಂದಿ ಫಾರ್ಮು ಬಂತು. ಅದರ ಹೊಲಸು ನೀರು ಹಳ್ಳಕ್ಕಿಳಿದು, ಓಣಿಯವರು ಕುಡಿಯುವ ನೀರಿಗೆಂದು ಮರಳಿನಲ್ಲಿ ತೋಡಿಕೊಂಡಿದ್ದ ವರತೆ ಕೆಟ್ಟಿತು. ಮಕ್ಕಳು ವಾಂತಿ ಮಾಡಿಕೊಂಡವು. ಓಣಿಗೆ ಓಣಿಯೇ ಬಡಿಗೆ ಹಿಡಿದು ನಿಂತಾಗ ಮಾಲೀಕರು ರಾಯಚೂರಿನಿಂದ ಇಂಜಿನಿಯರ್ ಸೈಫುದ್ದೀನರನ್ನು ಕರೆಸಿ ಹೊಲಸು ನೀರು ತಿಳಿಮಾಡಲು ಎರಡು ತೊಟ್ಟಿ ಕಟ್ಟಿಸಿದರು. ತೊಟ್ಟಿ ಕಾಯಲು ನಮ್ಮವನೇ ಇರಲಿ ಎಂದು ಓಣಿಯವರು ಹಟ ಹಿಡಿದು ಹುಸೇನಪ್ಪನನ್ನು ನಿಲ್ಲಿಸಿದರು.

“ಇದರಾಗ ಕಣ್ಣಿಗೆ ಕಾಣದ ಜೀವ ಅದಾವ, ಹುಸೇನಪ್ಪ. ಮೊದಲನೇ ತೊಟ್ಟಿಗೆ ಗಾಳಿ ಕೊಡು, ಉಚ್ಚಿ ಖಾರ ಮುರೀತಾವ. ಎರಡನೇದಕ್ಕ ಗಾಳಿ ಬ್ಯಾಡ, ಒಂದೀಟು ಬೆಲ್ಲದ ಕಾಕಂಬಿ ಹಾಕು. ಉಳಿದದ್ದು ಗುಳ್ಳಿ ಆಗಿ ಗಾಳಿಗೆ ಹೋಗ್ತದ. ಜೀವ ಸತ್ವೋ, ನಿಮ್ಮ ವರತಿನೂ ಸತ್ತಂಗ” ಎಂದಿದ್ದರು ಸೈಫುದ್ದೀನ್.

ಮೂರು ವರ್ಷ ಹಾಗೇ ನಡೆಯಿತು. ತೊಟ್ಟಿಯಿಂದ ಹಳ್ಳಕ್ಕೆ ಹರಿಯುವ ಕಾಲುವೆಗೆ ತಿಳಿನೀರು ಬಿತ್ತು, ಓಣಿ ನೆಮ್ಮದಿಯಾಗಿ ಕುಡಿಯಿತು, ಹುಸೇನಪ್ಪ ಮಾತ್ರ ನಾರಿದ.

ಎಂಬತ್ತಾರರಲ್ಲಿ ಮಗಳು ಹುಲಗೆಮ್ಮನನ್ನು ನೋಡಲು ದೇವದುರ್ಗದ ಕಡೆಯವರು ಬರುವುದೆಂದಾಯಿತು. ಹೆಂಡತಿ ತಿಮ್ಮವ್ವ ಅವರಿಗೆ, “ನಮ್ಮನಿಯವರು ನೀರಿನ ಮಿಷಿನ್ ನಡಸ್ತಾರ್ರಿ” ಎಂದು ಹೇಳಿಬಿಟ್ಟಿದ್ದಳು. ಹುಡುಗನ ತಾಯಿ ಗೋಪಮ್ಮನೋ, ಉಪ್ಪನ್ನೂ ತೊಳೆದು ಹಾಕುವಂಥ ಹೆಂಗಸು. ಗಾಳಿ ಮನೆಯ ಕಡೆ ತಿರುಗಿದರೆ ಮಾತುಕತೆ ಮುಗಿದಂತೆಯೇ. ಹಿಂದಿನ ದಿನ ಹುಸೇನಪ್ಪ ಮಾನ್ವಿಗೆ ಹೋಗಿ ಆರು ಡಬ್ಬಿ ಫಿನಾಯಿಲ್ ತಂದು ಮೊದಲನೇ ತೊಟ್ಟಿಗೆ ಸುರಿದ. ನೀರು ಹಾಲಿನಂತೆ ಬೆಳ್ಳಗಾಯಿತು, ದವಾಖಾನೆಯ ವಾಸನೆ ಬಂತು. ಹುಚ್ಚು ಮನುಷ್ಯ, ಹಿಗ್ಗಿಹೋದ.

ಬೆಳಗಾಗುವಷ್ಟರಲ್ಲಿ ತೊಟ್ಟಿ ಬೂದಿಬಣ್ಣಕ್ಕೆ ತಿರುಗಿ, ನಾತ ಎರಡರಷ್ಟಾಗಿತ್ತು. ಹೊಲಸು ಹಳ್ಳಕ್ಕಿಳಿಯದಿರಲೆಂದು ಅವನು ಓಡಿಹೋಗಿ ಕಾಲುವೆಯ ತೂಬು ಮುಚ್ಚಿದ. ವಾರದ ತಪಾಸಣೆಗೆ ಬಂದ ಸೈಫುದ್ದೀನ್ ಬಗ್ಗಿ ಮೂಸಿದರು.

“ಏನ್ ಹಾಕಿದ್ಯೋ?”

“ಫಿನಾಯಿಲ್ರಿ, ಸಾಹೇಬ್ರ.”

“ಯಾ ಅಲ್ಲಾ! ಎಲ್ಲಾ ಕೊಂದಿ!” ಅವರು ತಲೆ ಚಚ್ಚಿಕೊಂಡರು. “ಈ ನೀರು ಹಿಂದಿನ ಗುಂಡಿಗೆ ಹಾಕಸ್ತೀನಿ, ನಾಕು ದಿನ ತಡೀತದ. ಕಾಲುವಿ ಕಲ್ಲಿಗೆ ಹತ್ತಿದ ಲೋಳಿಯೊಳಗ ಇನ್ನಾ ಜೀವ ಅದ. ಅದನ್ನ ಕೆರದು ತಂದು ತೊಟ್ಟಿಗೆ ಹಾಕು. ತೂಬು ಮುಚ್ಚಿದಿ, ಬಿಸಿಲಿಗೆ ಒಣಗಿತಂದ್ರ ಅದೂ ಸಾಯ್ತದ.”

ಬಿಸಿಲು ಆಗಲೇ ಏರಿತ್ತು. ಬೀಗರ ಬಸ್ಸು ಬರುವ ಹೊತ್ತೂ ಅದೇ. ಮನೆಗೆ ಹೋಗಿ ಬಿಳಿ ಅಂಗಿ ತೊಡಬೇಕಾದವನು ಧೋತರ ಎತ್ತಿ ಕಟ್ಟಿ ಕಾಲುವೆಗಿಳಿದ. ಮೂರು ವರ್ಷದ ಲೋಳೆ, ಹುಳು ಮಿಜಿಗುಡುವ ಕಂದು ಲೋಳೆ, ಮುಟ್ಟಿದರೆ ಸಿಂಬಳದಂತೆ ಜಾರುವುದು. ಕೆರೆದು ಬಕೀಟಿಗೆ ತುಂಬಿದ, ವಾಂತಿ ಮಾಡಿದ, ಮತ್ತೆ ತುಂಬಿದ.

ಬಸ್ಸಿಳಿದವರು ಒಳದಾರಿ ಹಿಡಿದು ಕಾಲುವೆಯ ದಂಡೆಗೇ ಬಂದರು. ಎದುರುಗೊಳ್ಳಲು ಓಡಿ ಬಂದ ತಿಮ್ಮವ್ವ ಕಲ್ಲಾಗಿ ನಿಂತಳು.

“ಇವನಾ ಹುಡುಗಿ ಅಪ್ಪ?” ಗೋಪಮ್ಮ ಸೆರಗಿನಿಂದ ಮೂಗು ಮುಚ್ಚಿ ಓಕರಿಸಿದಳು. “ಥೂ! ಇಂಥವರ ಮನಿ ನೀರು ಸೈತ ಮುಟ್ಟಬಾರದು. ನಡೀರಿ.”

ಹುಸೇನಪ್ಪ ಮತ್ತೆ ಲೋಳೆಗೆ ಬಗ್ಗಿದ. ಕಾಲುವೆಯಲ್ಲಿ ಇನ್ನೂ ಅರ್ಧಕ್ಕರ್ಧ ಕಲ್ಲು ಉಳಿದಿದ್ದವು. ತಿಮ್ಮವ್ವ ಅಳುತ್ತಲೇ ಮನೆಯ ಕಡೆ ಹೋದಳು.

ರಸ್ತೆಗೆ ಹೋಗಲು ಹಳ್ಳ ದಾಟಬೇಕು. ಬಿಸಿಲಿಗೆ ಬಾಯಾರಿದ ಗೋಪಮ್ಮ ಓಣಿಯವರ ವರತೆಯ ಬಳಿ ಕುಕ್ಕರಗಾಲಲ್ಲಿ ಕೂತಳು. ಬೊಗಸೆಬೊಗಸೆ ಎತ್ತಿ ಕುಡಿದಳು, ಮುಖ ತೊಳೆದಳು, ಜೊತೆಯವರನ್ನೂ ಕರೆದಳು.

“ನೀರಂದ್ರ ಹಿಂಗಿರಬೇಕು ನೋಡ್ರಿ! ಎಷ್ಟು ಸ್ವಚ್ಛ ಅದ!”

ಮಾತು ಕಾಲುವೆಯವರೆಗೂ ಕೇಳಿಸಿತು. ಮೂರು ವರ್ಷದ ಉಚ್ಚೆಗೂ ಆಗದಷ್ಟು ಹೇಸಿಗೆ ಹುಸೇನಪ್ಪನಿಗೆ ಆಗ ಆಯಿತು. ಅವನು ಕ್ಯಾಕರಿಸಿ ಉಗುಳಿ, ಮುಂದಿನ ಕಲ್ಲಿಗೆ ಕೈ ಹಾಕಿದ.